ದೂರದ ನೌಕೆಯ ನೆನಪು

ಯಂತ್ರವೊಂದು ಕೆಟ್ಟಾಗ ಮೊದಲು ಅದನ್ನು ನಿಲ್ಲಿಸಬೇಕು, ಆಮೇಲೆ ಬಿಚ್ಚಬೇಕು, ಅನಂತರ ದುರಸ್ತಿ ಮಾಡಬೇಕು ಎಂಬುದು ಲೋಕರೂಢಿ. ಅಚ್ಚಿಗೆ ಕೀಲೆಣ್ಣೆ ಹಾಕಬೇಕಾದರೆ ಗಾಡಿಯವನು ಮೊದಲು ಎತ್ತುಗಳ ಕೊರಳು ಬಿಚ್ಚುತ್ತಾನೆ. ಹಿಟ್ಟಿನ ಗಿರಣಿಯ ಪಟ್ಟಿ ಜಾರಿದರೆ ಗಿರಣಿಯವನು ಮೊದಲು ಮೋಟಾರನ್ನು ಆರಿಸುತ್ತಾನೆ. ಇದು ವಿವೇಕದ ದಾರಿ. ಆದರೆ ನಿಲ್ಲಿಸಲು ಬಾರದ ಕೆಲಸಗಳೂ ಲೋಕದಲ್ಲಿ ಉಂಟು. ನಡುಗಡಲಿನಲ್ಲಿ ಹಡಗಿಗೆ ತೂತು ಬಿದ್ದರೆ, ಅದು ತೇಲುತ್ತಿರುವಾಗಲೇ ನಾವಿಕರು ತೂತನ್ನು ಮುಚ್ಚಬೇಕು. ಅಲ್ಲಿ ದುರಸ್ತಿ ಮಾಡುವವನ ಕೈಯಲ್ಲಿ ಬಲಕ್ಕಿಂತ ಹೆಚ್ಚಾಗಿ ಎಚ್ಚರವಿರಬೇಕು. ಅವಸರಕ್ಕಿಂತ ಹೆಚ್ಚಾಗಿ ತಾಳ್ಮೆಯಿರಬೇಕು. ಕಂಪ್ಯೂಟರುಗಳ ಲೋಕದಲ್ಲಿಯೂ ಇಂಥ ಕೆಲಸವೊಂದಿದೆ. ಓಡುತ್ತಿರುವ ಕಂಪ್ಯೂಟರಿನ ನೆನಪನ್ನು, ಅದನ್ನು ನಿಲ್ಲಿಸದೆಯೇ, ಇಣುಕಿ ನೋಡುವುದು ಮತ್ತು ತಿದ್ದುವುದು ಆ ಕೆಲಸ.

ಕಂಪ್ಯೂಟರಿನ ನೆನಪು ಎಂದರೆ ಏನು? ಉದ್ದವಾದ ಒಂದು ಬೀದಿಯನ್ನು ಊಹಿಸಿಕೊಳ್ಳಬಹುದು. ಬೀದಿಯುದ್ದಕ್ಕೂ ಒಂದೇ ಅಳತೆಯ ಸಾಲುಮನೆಗಳು. ಪ್ರತಿಯೊಂದು ಮನೆಗೂ ಒಂದು ಸಂಖ್ಯೆ. ಪ್ರತಿಯೊಂದು ಮನೆಯೊಳಗೂ ಕೆಲವು ಅಂಕಿಗಳು; ಆ ಅಂಕಿಗಳಾದರೂ ಎರಡೇ ಬಗೆ, ಸೊನ್ನೆ ಅಥವಾ ಒಂದು. ಅಂಥ ಒಂದೊಂದು ಅಂಕಿಗೆ ‘ಬಿಟ್’ ಎಂದು ಹೆಸರು. ಕಂಪ್ಯೂಟರು ಲೆಕ್ಕಹಾಕಬೇಕಾದ ಸಂಖ್ಯೆಗಳು ಈ ಮನೆಗಳಲ್ಲಿ ಇರುತ್ತವೆ. ಅದು ಪಾಲಿಸಬೇಕಾದ ಆದೇಶಗಳೂ ಇವೇ ಮನೆಗಳಲ್ಲಿ ಇರುತ್ತವೆ. ‘ಇಂಥ ಮನೆಯ ಸಂಖ್ಯೆಯನ್ನು ತಾ’, ‘ಇಂಥ ಮನೆಯ ಸಂಖ್ಯೆಗೆ ಅದನ್ನು ಕೂಡಿಸು’, ‘ಮುಂದಿನ ಆದೇಶಕ್ಕಾಗಿ ಇಂಥ ಮನೆಗೆ ಹೋಗು’ ಎಂಬ ಸಣ್ಣ ಸಣ್ಣ ಅಪ್ಪಣೆಗಳನ್ನು ಒಂದಾದ ಮೇಲೊಂದರಂತೆ ನೆರವೇರಿಸುವುದೇ ಕಂಪ್ಯೂಟರಿನ ಕಾಯಕ. ಮನೆಯಲ್ಲಿ ಏನು ಬರೆದಿದೆಯೋ ಅದನ್ನು ಅದು ನಂಬುತ್ತದೆ. ಬರೆದದ್ದು ಸರಿಯೋ ತಪ್ಪೋ ಎಂದು ಸಂದೇಹಪಡುವ ಶಕ್ತಿ ಅದಕ್ಕೆ ತಾನಾಗಿ ಇಲ್ಲ.

1970 ಮತ್ತು 80ರ ದಶಕಗಳಲ್ಲಿ ಮನೆಬಳಕೆಯ ಕಂಪ್ಯೂಟರುಗಳು ಮಾರುಕಟ್ಟೆಗೆ ಬಂದಾಗ, ಅವುಗಳಲ್ಲಿ ಹಲವಕ್ಕೆ ‘ಬೇಸಿಕ್’ ಎಂಬ ಭಾಷೆ ತಿಳಿದಿತ್ತು. ಆ ಭಾಷೆಯಲ್ಲಿ ‘ಪೀಕ್’ ಎಂದೂ ‘ಪೋಕ್’ ಎಂದೂ ಎರಡು ಮಾತುಗಳಿದ್ದವು. ಮೊದಲನೆಯದರ ಅರ್ಥ ‘ಇಣುಕು’. ಎರಡನೆಯದರ ಅರ್ಥ ‘ತಿವಿ’. ಮನೆಯ ಸಂಖ್ಯೆಯನ್ನು ಹೇಳಿ ಇಣುಕಿದರೆ ಒಳಗೆ ಏನಿದೆ ಎಂಬುದು ಕಾಣುತ್ತಿತ್ತು. ಮನೆಯ ಸಂಖ್ಯೆಯನ್ನೂ ಹೊಸ ಅಂಕಿಯನ್ನೂ ಹೇಳಿ ತಿವಿದರೆ, ಹಳೆಯದು ಅಳಿದು ಹೊಸದು ಅಲ್ಲಿ ನೆಲೆಗೊಳ್ಳುತ್ತಿತ್ತು. ಎಳೆಯರು ಆಟದಂತೆ ಕಲಿತ ಈ ಎರಡು ಮಾತುಗಳಲ್ಲಿ ಒಂದು ದೊಡ್ಡ ವಿದ್ಯೆಯ ಸಾರವೇ ಅಡಗಿತ್ತು. ಇಣುಕುವುದರಿಂದ ಸಾಮಾನ್ಯವಾಗಿ ಹಾನಿಯಿಲ್ಲ. ತಿವಿಯುವುದರಲ್ಲಿ ಮಾತ್ರ ಅಪಾಯವುಂಟು. ಒಂದು ಮನೆಯ ಬದಲು ಪಕ್ಕದ ಮನೆಗೆ ಕೈಹಾಕಿದರೆ ಯಾವ ಆದೇಶ ಅಳಿಯಿತೋ ಯಾವ ಲೆಕ್ಕ ಕೆಟ್ಟಿತೋ ಹೇಳಲಾಗದು. ಮೇಜಿನ ಮೇಲಿನ ಯಂತ್ರವಾದರೆ ಆರಿಸಿ ಮತ್ತೆ ಹೊತ್ತಿಸಬಹುದು. ಯಂತ್ರವು ಕೈಗೆಟುಕದ ದೂರದಲ್ಲಿದ್ದರೆ?

1971ರ ಫೆಬ್ರವರಿ 5ರಂದು ಈ ಪ್ರಶ್ನೆ ಚಂದ್ರನ ಸಮೀಪದಲ್ಲಿ ಎದ್ದಿತು. ಅಪೋಲೊ-14ರ ಯಾತ್ರಿಗಳಾದ ಅಲನ್ ಶೆಪರ್ಡ್ ಮತ್ತು ಎಡ್ಗರ್ ಮಿಚೆಲ್ ಚಂದ್ರನ ನೆಲಕ್ಕೆ ಇಳಿಯಲು ಸಿದ್ಧರಾಗುತ್ತಿದ್ದರು. ಅಪಾಯ ಬಂದಾಗ ಇಳಿಯುವುದನ್ನು ಕೈಬಿಟ್ಟು ಮೇಲಕ್ಕೆ ಮರಳಲೆಂದು ಅವರ ನೌಕೆಯಲ್ಲಿ ಒಂದು ಗುಂಡಿ ಇತ್ತು. ಯಾರೂ ಅದನ್ನು ಒತ್ತಿರಲಿಲ್ಲ. ಆದರೂ ‘ಒತ್ತಲಾಗಿದೆ’ ಎಂಬ ಸಂಕೇತ ಕಂಪ್ಯೂಟರಿಗೆ ಹೋಗುತ್ತಿತ್ತು. ಫಲಕವನ್ನು ಬೆರಳಿನಿಂದ ತಟ್ಟಿದರೆ ಸಂಕೇತ ಮಾಯವಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಿತ್ತು. ಲೋಹದ ಚೂರೊಂದು ಗುಂಡಿಯೊಳಗೆ ತೇಲಾಡುತ್ತಿರಬೇಕೆಂದು ಭೂಮಿಯ ಮೇಲಿದ್ದವರು ತರ್ಕಿಸಿದರು. ಇಳಿಯುವ ನಡುವೆ ಆ ಸುಳ್ಳು ಸಂಕೇತ ಬಂದರೆ ಕಂಪ್ಯೂಟರು ಅದನ್ನು ನಂಬಿ ನೌಕೆಯನ್ನು ಮೇಲಕ್ಕೆ ಒಯ್ದುಬಿಡುತ್ತಿತ್ತು.

ಆ ಕಂಪ್ಯೂಟರಿನ ಕಾರ್ಯಕ್ರಮವು ಸಣ್ಣ ಸಣ್ಣ ಕಾಂತೀಯ ಬಳೆಗಳೊಳಗೆ ತಂತಿಗಳನ್ನು ಪೋಣಿಸಿ ನೇಯ್ದ ನೆನಪಾಗಿತ್ತು. ನೇಯ್ದ ಸೀರೆಯ ಅಂಚನ್ನು ಉಟ್ಟಮೇಲೆ ಬದಲಿಸಲಾಗದಂತೆ ಅದನ್ನು ಬದಲಿಸುವಂತಿರಲಿಲ್ಲ. ಅಳಿಸಿ ಬರೆಯಬಹುದಾದ ನೆನಪಿನಲ್ಲಿ ಇದ್ದುದು 2048 ಮನೆಗಳು ಮಾತ್ರ. ಅಮೆರಿಕದ ಕೇಂಬ್ರಿಜ್ ನಗರದಲ್ಲಿದ್ದ ಡಾನ್ ಐಲ್ಸ್ ಎಂಬ ತರುಣ ಕಾರ್ಯಕ್ರಮಕಾರನು ಆ ಕಾರ್ಯಕ್ರಮವನ್ನು ಬಲ್ಲವನು. ಮೇಲಕ್ಕೆ ಮರಳುವ ಕೆಲಸ ಈಗಾಗಲೇ ನಡೆಯುತ್ತಿದೆ ಎಂದು ಕಂಪ್ಯೂಟರು ತಿಳಿದರೆ ಅದು ಗುಂಡಿಯ ಕಡೆಗೆ ಮತ್ತೆ ನೋಡುವುದಿಲ್ಲ ಎಂಬುದು ಅವನಿಗೆ ಹೊಳೆಯಿತು. ಹಾಗೆ ತಿಳಿಯುವಂತೆ ನೆನಪಿನ ಒಂದು ಮನೆಯಲ್ಲಿ ಸಂಖ್ಯೆಯನ್ನು ಬದಲಿಸುವ ಕ್ರಮವನ್ನು ಅವನು ಅಲ್ಪಕಾಲದಲ್ಲೇ ಬರೆದುಕೊಟ್ಟನು. ಭೂಮಿಯಿಂದ ಓದಿ ಹೇಳಿದ ಅಂಕಿಗಳನ್ನು ಮಿಚೆಲ್ ಒಂದೊಂದಾಗಿ ಕೀಲಿಗಳ ಮೇಲೆ ಒತ್ತಿದನು. ಸುಳ್ಳು ಸಂಕೇತಕ್ಕೆ ಕಂಪ್ಯೂಟರು ಕಿವುಡಾಯಿತು. ನೌಕೆ ಕ್ಷೇಮವಾಗಿ ಚಂದ್ರನ ನೆಲವನ್ನು ಮುಟ್ಟಿತು.

ಇದೇ ವಿದ್ಯೆ ಒಮ್ಮೆ ಕೈತಪ್ಪಿದ ಕಥೆಯೂ ಉಂಟು. 1976ರ ಜುಲೈ 20ರಂದು ವೈಕಿಂಗ್-1 ಎಂಬ ನೌಕೆ ಮಂಗಳಗ್ರಹದ ಮೇಲೆ ಇಳಿಯಿತು. ಅದು ಆರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯ ಗಾಳಿ, ನೆಲ, ಋತುಗಳ ಸುದ್ದಿಯನ್ನು ಕಳುಹಿಸುತ್ತಿತ್ತು. ಕಾಲಕ್ರಮದಲ್ಲಿ ಅದರ ಬ್ಯಾಟರಿಗಳು ದುರ್ಬಲವಾದವು. ಅವುಗಳಿಗೆ ವಿದ್ಯುತ್ತು ತುಂಬುವ ಕ್ರಮವನ್ನು ಉತ್ತಮಗೊಳಿಸಲೆಂದು 1982ರ ನವೆಂಬರಿನಲ್ಲಿ ಭೂಮಿಯಿಂದ ಹೊಸ ಆದೇಶಗಳನ್ನು ಕಳುಹಿಸಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಹೊಸ ಬರಹವು ನೆನಪಿನಲ್ಲಿ ಹೋಗಿ ಕುಳಿತ ಜಾಗದಲ್ಲಿ, ಆಂಟೆನಾವನ್ನು ಭೂಮಿಯ ಕಡೆಗೆ ತಿರುಗಿಸಲು ಬೇಕಾದ ಮಾಹಿತಿಯಿತ್ತು. ಅದು ಅಳಿದುಹೋಯಿತು. ಭೂಮಿ ಯಾವ ದಿಕ್ಕಿನಲ್ಲಿದೆ ಎಂಬುದನ್ನು ಮರೆತ ನೌಕೆಯ ಧ್ವನಿ ಮತ್ತೆ ಕೇಳಿಬರಲಿಲ್ಲ. ತಿಂಗಳುಗಟ್ಟಲೆ ಕೂಗಿ ಕರೆದರೂ ಉತ್ತರ ಬಾರಲಿಲ್ಲ. ಮುಟ್ಟುವ ಮುನ್ನ ನೋಡಬೇಕೆಂಬ ಮಾತು ಎಷ್ಟು ಬೆಲೆಯುಳ್ಳದ್ದು ಎಂಬುದನ್ನು ಮಂಗಳನ ಆ ಮೌನ ಇಂದಿಗೂ ಸಾರುತ್ತಿದೆ.

ಹೀಗೆ ಒಂದು ಕಡೆ ಚಂದ್ರನ ಯಶಸ್ಸು, ಇನ್ನೊಂದು ಕಡೆ ಮಂಗಳನ ಮೌನ. ಇವೆರಡನ್ನೂ ನೆನಪಿನಲ್ಲಿಟ್ಟುಕೊಂಡು ವಾಯೇಜರ್-1ರ ಕಥೆಯನ್ನು ನೋಡಿದರೆ, ಅದರ ಹಿರಿಮೆ ಮನಸ್ಸಿಗೆ ತಟ್ಟುತ್ತದೆ.

ವಾಯೇಜರ್ ನೌಕೆಗಳು ಎರಡು. 1977ರ ಆಗಸ್ಟ್ 20ರಂದು ವಾಯೇಜರ್-2, ಅದೇ ವರ್ಷದ ಸೆಪ್ಟೆಂಬರ್ 5ರಂದು ವಾಯೇಜರ್-1 ಅಮೆರಿಕದ ಫ್ಲಾರಿಡಾ ತೀರದಿಂದ ಹೊರಟವು. ವಾಯೇಜರ್-1 1979ರಲ್ಲಿ ಗುರುಗ್ರಹವನ್ನೂ 1980ರಲ್ಲಿ ಶನಿಗ್ರಹವನ್ನೂ ಹಾದುಹೋಯಿತು. 2012ರ ಆಗಸ್ಟಿನಲ್ಲಿ ಸೂರ್ಯನಿಂದ ಬೀಸುವ ಕಣಗಳ ಗಾಳಿಯ ಎಲ್ಲೆಯನ್ನು ದಾಟಿ, ನಕ್ಷತ್ರಗಳ ನಡುವಣ ಅವಕಾಶವನ್ನು ಪ್ರವೇಶಿಸಿದ ಮೊದಲ ಮಾನವನಿರ್ಮಿತ ವಸ್ತು ಎಂಬ ಕೀರ್ತಿಗೆ ಪಾತ್ರವಾಯಿತು. ಎರಡು ನೌಕೆಗಳಲ್ಲಿಯೂ ಚಿನ್ನದ ಲೇಪನವುಳ್ಳ ಒಂದೊಂದು ತಾಮ್ರದ ಧ್ವನಿಮುದ್ರಿಕೆಯಿದೆ. ಅದರಲ್ಲಿ ಭೂಮಿಯ 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು. ಕನ್ನಡದ ನುಡಿಯೊಂದು ಇಷ್ಟು ದೂರ ಪಯಣಿಸಿದ್ದು ಹಿಂದೆಂದೂ ಇಲ್ಲ.

ಈ ನೌಕೆಯ ಕಂಪ್ಯೂಟರುಗಳಲ್ಲಿ ಒಂದು ಭೂಮಿಯ ಆದೇಶಗಳನ್ನು ಸ್ವೀಕರಿಸಿ ನಡೆಸುತ್ತದೆ. ಇನ್ನೊಂದು ನೌಕೆ ಸರಿಯಾದ ದಿಕ್ಕಿಗೆ ಮುಖಮಾಡಿರುವಂತೆ ನೋಡಿಕೊಳ್ಳುತ್ತದೆ. ಮೂರನೆಯದು ಉಪಕರಣಗಳು ಅಳೆದ ಮಾಹಿತಿಯನ್ನೂ ನೌಕೆಯ ಆರೋಗ್ಯದ ಸುದ್ದಿಯನ್ನೂ ಒಟ್ಟುಗೂಡಿಸಿ, ಗಂಟುಕಟ್ಟಿ, ಭೂಮಿಗೆ ಕಳುಹಿಸಲು ಸಿದ್ಧಪಡಿಸುತ್ತದೆ. ಈ ಮೂರನೆಯದರ ನೆನಪಿನಲ್ಲಿರುವುದು 8192 ಮನೆಗಳು. ಮನೆಯೊಂದಕ್ಕೆ 16 ಬಿಟ್‌ಗಳು. ಇಂದಿನ ಕೈಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕೆ ಬೇಕಾಗುವ ಜಾಗದ ನೂರರಲ್ಲೊಂದು ಪಾಲೂ ಅದಲ್ಲ. ಆ ನೆನಪಾದರೂ ವಿದ್ಯುತ್ತು ತಪ್ಪಿದರೆ ಅಳಿದುಹೋಗುವಂಥದು. ಆದುದರಿಂದ ಅದನ್ನು ನಿರ್ಮಿಸಿದವರು, ನೌಕೆಯ ವಿದ್ಯುತ್ತಿನ ಮೂಲದಿಂದಲೇ ಅದಕ್ಕೆ ನೇರವಾಗಿ ಒಂದು ತಂತಿಯನ್ನು ಎಳೆದಿದ್ದರು. ಎಣ್ಣೆ ತೀರದಂತೆ ಕಾಯ್ದುಕೊಂಡ ನಂದಾದೀಪದ ಹಾಗೆ ಆ ನೆನಪು ದಶಕಗಳಿಂದ ಉರಿದುಕೊಂಡು ಬಂದಿತ್ತು.

ಮೊದಲ ಪರೀಕ್ಷೆ ಬಂದದ್ದು ಅವಳಿ ನೌಕೆಯಾದ ವಾಯೇಜರ್-2ಕ್ಕೆ. 2010ರ ಏಪ್ರಿಲಿನಲ್ಲಿ ಅದು ಕಳುಹಿಸುತ್ತಿದ್ದ ಮಾಹಿತಿ ಇದ್ದಕ್ಕಿದ್ದಂತೆ ಅರ್ಥವಾಗದಂತಾಯಿತು. ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿರುವ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಎಂಜಿನಿಯರುಗಳು ಅದರ ನೆನಪನ್ನೆಲ್ಲ ಓದಿ ಹೇಳುವಂತೆ ನೌಕೆಗೆ ಆಜ್ಞಾಪಿಸಿದರು. ಮೇ ತಿಂಗಳಲ್ಲಿ ಆ ಓದು ಬಂದು ತಲುಪಿತು. ಹುಡುಕಿ ನೋಡಿದಾಗ ಕಂಡದ್ದು ಒಂದೇ ಒಂದು ದೋಷ. ಒಂದು ಮನೆಯಲ್ಲಿ, ಸೊನ್ನೆಯಿರಬೇಕಾದ ಒಂದು ಸ್ಥಾನದಲ್ಲಿ ಒಂದು ಎಂದಾಗಿತ್ತು. ಅಷ್ಟೇ. ಒಂದು ಬಿಂದು ತಪ್ಪಿದರೆ ಪದದ ಅರ್ಥವೇ ಬದಲಾಗುವುದನ್ನು ಕನ್ನಡ ಬಲ್ಲವರು ಅರಿಯರೇ? ಎಂಜಿನಿಯರುಗಳು ಅದೇ ತಪ್ಪನ್ನು ಪ್ರಯೋಗಶಾಲೆಯ ಕಂಪ್ಯೂಟರಿನಲ್ಲಿ ಬೇಕೆಂದೇ ಮಾಡಿ, ಫಲವೂ ಅದೇ ಆಗುವುದನ್ನು ಕಂಡು ನಿಶ್ಚಯಿಸಿಕೊಂಡರು. ಅನಂತರವೇ ಆ ಬಿಟ್ಟನ್ನು ಮತ್ತೆ ಸೊನ್ನೆಗೆ ತಿರುಗಿಸುವ ಆದೇಶ ಹೊರಟಿತು. ನೌಕೆಯ ಮಾತು ತಿಳಿಯಾಯಿತು.

ಎರಡನೆಯ ಪರೀಕ್ಷೆ ಇದಕ್ಕಿಂತ ಕಠಿಣವಾದುದು. 2023ರ ನವೆಂಬರ್ 14ರಂದು ವಾಯೇಜರ್-1ರ ಮಾಹಿತಿ ನಿಂತಿತು. ನೌಕೆ ಸತ್ತಿರಲಿಲ್ಲ, ಅದರ ರೇಡಿಯೋ ಅಲೆ ಬರುತ್ತಲೇ ಇತ್ತು. ಆದರೆ ಆ ಅಲೆಯ ಮೇಲೆ ಸುದ್ದಿಯ ಬದಲು ಸೊನ್ನೆ-ಒಂದುಗಳ ಒಂದೇ ಸಾಲು ಮತ್ತೆ ಮತ್ತೆ ಮರುಕಳಿಸುತ್ತಿತ್ತು. ಭೂಮಿಯಿಂದ ಹೋದ ಆದೇಶಗಳನ್ನು ಅದು ಕೇಳುತ್ತಿತ್ತು, ಪಾಲಿಸುತ್ತಲೂ ಇತ್ತು. ಹೇಳಬೇಕಾದುದನ್ನು ಹೇಳಲು ಮಾತ್ರ ಅದಕ್ಕೆ ಸಾಧ್ಯವಾಗುತ್ತಿರಲಿಲ್ಲ. ಪ್ರಜ್ಞೆಯಿದ್ದೂ ನಾಲಗೆ ಬಿದ್ದುಹೋದ ರೋಗಿಯ ಸ್ಥಿತಿ ಅದರದು. ದೋಷವಿರುವುದು ಮಾಹಿತಿಯನ್ನು ಗಂಟುಕಟ್ಟುವ ಕಂಪ್ಯೂಟರಿನಲ್ಲಿ ಎಂಬಷ್ಟು ತಿಳಿಯಿತು. ಅದನ್ನು ಹೊಸದಾಗಿ ಆರಂಭಿಸಿ ಹಿಂದಿನ ಸ್ಥಿತಿಗೆ ತರುವ ಯತ್ನವೂ ನಡೆಯಿತು, ಫಲ ದೊರೆಯಲಿಲ್ಲ. ಜೊತೆಗೆಂದು ಇಟ್ಟಿದ್ದ ಅಂಥದೇ ಇನ್ನೊಂದು ಕಂಪ್ಯೂಟರು 1980ರ ದಶಕದಲ್ಲೇ ಕೆಟ್ಟುಹೋಗಿತ್ತು. ಉಳಿದದ್ದು ಇದೊಂದೇ.

ಕೆಲಸದ ಕಷ್ಟವನ್ನು ಒಂದು ಲೆಕ್ಕದಿಂದ ಅರಿಯಬಹುದು. ಆಗ ನೌಕೆಯಿದ್ದ ದೂರ ಸುಮಾರು 2,400 ಕೋಟಿ ಕಿಲೋಮೀಟರು. ಬೆಳಕಿನ ವೇಗ, ಅಂದರೆ ರೇಡಿಯೋ ಅಲೆಯ ವೇಗ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಭಾಗಿಸಿದರೆ 80,000 ಸೆಕೆಂಡುಗಳಾಗುತ್ತವೆ. ಗಂಟೆಗಳಲ್ಲಿ ಹೇಳುವುದಾದರೆ ಇಪ್ಪತ್ತೆರಡಕ್ಕೂ ಮಿಕ್ಕು. ಒಂದು ಮಾತು ಹೋಗಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. ಸೋಮವಾರ ಬೆಳಗ್ಗೆ ಕೇಳಿದ ಪ್ರಶ್ನೆಗೆ ಬುಧವಾರ ಬೆಳಗಿನವರೆಗೆ ಕಾಯಬೇಕು. ನೌಕೆಯ ರೇಡಿಯೋ ಪ್ರೇಷಕದ ಶಕ್ತಿ ಸುಮಾರು 20 ವ್ಯಾಟು, ಮನೆಯ ಒಂದು ಸಣ್ಣ ದೀಪದಷ್ಟು. ಅಷ್ಟು ದೂರದಿಂದ ಬರುವ ಆ ಕ್ಷೀಣಧ್ವನಿಯನ್ನು ಕೇಳಲು 70 ಮೀಟರು ಅಗಲದ ಆಂಟೆನಾಗಳು ಕಿವಿಗೊಟ್ಟು ಕುಳಿತಿರುತ್ತವೆ. ಇಂಥ ರೋಗಿಯ ನಾಡಿಯನ್ನು ಹಿಡಿಯುವುದು ಹೇಗೆ?

2024ರ ಮಾರ್ಚ್ 1ರಂದು ಎಂಜಿನಿಯರುಗಳು ನೌಕೆಗೆ ಒಂದು ಆದೇಶವನ್ನು ಕಳುಹಿಸಿದರು. ಅದನ್ನು ಅವರು ಕರೆದದ್ದು ‘ಪೋಕ್’ ಎಂದೇ. ಕೆಟ್ಟಿರಬಹುದಾದ ಭಾಗವನ್ನು ಬಳಸಿಕೊಂಡು ಹೋಗಿ, ಕಾರ್ಯಕ್ರಮದ ಬೇರೆ ಬೇರೆ ದಾರಿಗಳನ್ನು ಹಿಡಿದು ನೋಡು ಎಂಬ ಮೃದುವಾದ ಪ್ರೇರಣೆ ಅದು. ಮಾರ್ಚ್ 3ರಂದು ಬಂದ ಸಂಕೇತದಲ್ಲಿ ಒಂದು ಭಾಗ ಉಳಿದದ್ದಕ್ಕಿಂತ ಬೇರೆಯಾಗಿತ್ತು. ನೌಕೆ ಆರೋಗ್ಯವಾಗಿದ್ದಾಗ ಕಳುಹಿಸುತ್ತಿದ್ದ ರೂಪದಲ್ಲಿಯೂ ಅದಿರಲಿಲ್ಲ. ಮೊದಲಿಗೆ ಯಾರಿಗೂ ಅದು ಏನೆಂದು ತಿಳಿಯಲಿಲ್ಲ. ದೂರದ ನೌಕೆಗಳೊಡನೆ ಸಂಪರ್ಕವಿಟ್ಟುಕೊಳ್ಳುವ ಆಂಟೆನಾ ಜಾಲದ ಎಂಜಿನಿಯರರೊಬ್ಬರು ಅದನ್ನು ಬಿಡಿಸಿ ಓದಿದಾಗ, ಮಾರ್ಚ್ 10ರಂದು ಅದರ ಗುಟ್ಟು ತಿಳಿಯಿತು. ಆ ಕಂಪ್ಯೂಟರಿನ ನೆನಪಿನ ಸಂಪೂರ್ಣ ಪಾಠವೇ ಅದರಲ್ಲಿತ್ತು! ರೋಗಿಯು ಮಾತಾಡಲಾರದೆ ತನ್ನ ಎದೆಯನ್ನೇ ತೆರೆದು ತೋರಿಸಿದಂತಾಯಿತು.

ಮುಂದಿನ ಕೆಲಸ ಹಳೆಯ ಕಾವ್ಯಗಳ ಸಂಪಾದನೆಯನ್ನು ನೆನಪಿಗೆ ತರುತ್ತದೆ. ಓಲೆಗರಿಯ ಗ್ರಂಥವನ್ನು ಸಂಪಾದಿಸುವ ವಿದ್ವಾಂಸರು ಒಂದೇ ಪ್ರತಿಯನ್ನು ನಂಬಿ ಕೂಡುವುದಿಲ್ಲ. ಎರಡು ಪ್ರತಿಗಳನ್ನು ಎದುರುಬದುರಾಗಿ ಇಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೋಲಿಸುತ್ತಾರೆ. ಹುಳು ತಿಂದದ್ದೆಲ್ಲಿ, ಲಿಪಿಕಾರನು ತಪ್ಪಿದ್ದೆಲ್ಲಿ ಎಂದು ಗುರುತಿಸುತ್ತಾರೆ. ಆಮೇಲೆ ಪಾಠವನ್ನು ನಿರ್ಣಯಿಸುತ್ತಾರೆ. ಎಂಜಿನಿಯರುಗಳು ಮಾಡಿದ್ದೂ ಇದನ್ನೇ. ನೌಕೆ ಚೆನ್ನಾಗಿದ್ದ ಕಾಲದಲ್ಲಿ ಬಂದಿದ್ದ ನೆನಪಿನ ಪ್ರತಿಯೊಂದು ಅವರ ಬಳಿಯಿತ್ತು. ಹಳೆಯದನ್ನೂ ಹೊಸದನ್ನೂ ಹೋಲಿಸಿದರು. ನೆನಪಿನ ನೂರರಲ್ಲಿ ಸುಮಾರು 3 ಪಾಲು ಕೆಟ್ಟಿತ್ತು. ಎಂದರೆ ಎಂಟು ಸಾವಿರ ಚಿಲ್ಲರೆ ಮನೆಗಳಲ್ಲಿ ಸುಮಾರು ಇನ್ನೂರೈವತ್ತು. ಅವುಗಳಿಗೆಲ್ಲ ಆಧಾರವಾಗಿದ್ದ ಒಂದೇ ಒಂದು ಚಿಪ್ಪು ಕೆಲಸ ನಿಲ್ಲಿಸಿತ್ತು. ಹೊರಗಿನ ಅವಕಾಶದಿಂದ ಬಂದ ಶಕ್ತಿಶಾಲಿ ಕಣವೊಂದು ಅದಕ್ಕೆ ಬಡಿದಿರಬಹುದು. ಇಲ್ಲವೇ 46 ವರ್ಷಗಳ ದುಡಿಮೆಯಿಂದ ಅದು ಸವೆದಿರಬಹುದು ಎಂದು ಅವರು ಭಾವಿಸಿದರು.

ವಾಯೇಜರ್-2ರಂತೆ ಇಲ್ಲಿ ಒಂದು ಬಿಟ್ಟನ್ನು ತಿರುಗಿಸಿ ಸುಮ್ಮನಾಗುವಂತಿರಲಿಲ್ಲ. ಕೆಟ್ಟದ್ದು ಬರಹವಲ್ಲ, ಓಲೆಯೇ. ಮುರಿದ ಮನೆಗಳಲ್ಲಿ ಏನು ಬರೆದರೂ ನಿಲ್ಲದು. ಆ ಮನೆಗಳಲ್ಲಿ ವಾಸವಾಗಿದ್ದ ಆದೇಶಗಳನ್ನೆಲ್ಲ ಬೇರೆಡೆಗೆ ಸಾಗಿಸಬೇಕಾಗಿತ್ತು. ಆದರೆ ಬೀದಿಯ ಯಾವ ಭಾಗದಲ್ಲಿಯೂ ಅವೆಲ್ಲ ಒಟ್ಟಿಗೆ ಹಿಡಿಸುವಷ್ಟು ಜಾಗವಿರಲಿಲ್ಲ. ಆಗ ಅವರು ಒಂದು ದೊಡ್ಡ ಕುಟುಂಬವನ್ನು ಊರಿನ ಹಲವು ಮನೆಗಳಲ್ಲಿ ಹಂಚಿ ಇರಿಸುವಂತೆ, ಆ ಆದೇಶಗಳನ್ನು ತುಂಡುಗಳಾಗಿ ವಿಂಗಡಿಸಿ, ಸಿಕ್ಕ ಸಿಕ್ಕ ಸಂದುಗಳಲ್ಲಿ ಇರಿಸಲು ನಿಶ್ಚಯಿಸಿದರು. ಹಂಚಿಹೋದರೂ ಕುಟುಂಬ ಒಂದಾಗಿಯೇ ಬಾಳಬೇಕು. ಮೊದಲ ತುಂಡು ಮುಗಿದೊಡನೆ ಎರಡನೆಯ ತುಂಡು ಎಲ್ಲಿದೆಯೆಂದು ಕಂಪ್ಯೂಟರಿಗೆ ತಿಳಿಯಬೇಕು. ಅಷ್ಟೇ ಅಲ್ಲ, ಉಳಿದ ನೆನಪಿನಲ್ಲಿ ಎಲ್ಲೆಲ್ಲಿ ‘ಇಂಥ ಮನೆಗೆ ಹೋಗು’ ಎಂದು ಹಳೆಯ ವಿಳಾಸವನ್ನು ಬರೆದಿತ್ತೋ ಅಲ್ಲೆಲ್ಲ ಹೊಸ ವಿಳಾಸವನ್ನು ಬರೆಯಬೇಕು. ಮನೆ ಬದಲಿಸಿದವನು ಅಂಚೆಯವನಿಗೆ ಹೇಳಲು ಮರೆತರೆ ಒಂದು ಕಾಗದ ತಪ್ಪೀತು. ಇಲ್ಲಿ ಒಂದು ವಿಳಾಸ ತಪ್ಪಿದರೆ ಕಂಪ್ಯೂಟರು ಎಲ್ಲಿಗೆ ಹೋಗಿ ಏನನ್ನು ಆದೇಶವೆಂದು ನಂಬೀತೋ ಬಲ್ಲವರಿಲ್ಲ.

ಎಲ್ಲವನ್ನೂ ಒಂದೇ ಸಲ ಸಾಗಿಸುವ ಆತುರವನ್ನು ಅವರು ತೋರಲಿಲ್ಲ. ನೌಕೆಯ ಆರೋಗ್ಯದ ಸುದ್ದಿಯನ್ನು ಗಂಟುಕಟ್ಟುವ ಭಾಗವೊಂದನ್ನೇ ಮೊದಲು ಆರಿಸಿಕೊಂಡರು. ರೋಗಿ ಹೇಗಿದ್ದಾನೆ ಎಂಬುದು ತಿಳಿದರೆ ತಾನೇ ಮುಂದಿನ ಚಿಕಿತ್ಸೆ? 2024ರ ಏಪ್ರಿಲ್ 18ರಂದು ಆ ಭಾಗದ ಹೊಸ ವಿಳಾಸಗಳು ಆಕಾಶವನ್ನು ಸೀಳಿಕೊಂಡು ಹೊರಟವು. ಆಮೇಲೆ ಮಾಡಬಹುದಾದ ಕೆಲಸ ಒಂದೇ, ಕಾಯುವುದು. ಏಪ್ರಿಲ್ 20ರಂದು ಪಸಡೀನಾದಲ್ಲಿ ತಂಡದವರು ಮೇಜಿನ ಸುತ್ತ ಕುಳಿತಿದ್ದರು. ಉತ್ತರ ಬಂತು. ಐದು ತಿಂಗಳ ಬಳಿಕ ನೌಕೆ ಮೊದಲ ಬಾರಿಗೆ ತನ್ನ ಕ್ಷೇಮಸಮಾಚಾರವನ್ನು ಸ್ಪಷ್ಟವಾಗಿ ಹೇಳಿತು. ಕುಳಿತಿದ್ದವರು ಚಪ್ಪಾಳೆ ತಟ್ಟಿ ಹರ್ಷಿಸಿದರು. ಅನಂತರ ಉಳಿದ ಭಾಗಗಳನ್ನೂ ಹಾಗೆಯೇ ಒಂದೊಂದಾಗಿ ಸಾಗಿಸಲಾಯಿತು. ಮೇ ತಿಂಗಳಲ್ಲಿ ಎರಡು ಉಪಕರಣಗಳ ಮಾಹಿತಿ ಬರತೊಡಗಿತು. ಜೂನ್ 13ರಂದು, ಕೆಲಸ ಮಾಡುತ್ತಿದ್ದ ನಾಲ್ಕೂ ಉಪಕರಣಗಳು ಮತ್ತೆ ಮಾಹಿತಿಯನ್ನು ಕಳುಹಿಸುತ್ತಿವೆಯೆಂದು ನಾಸಾ ಸಂಸ್ಥೆ ಪ್ರಕಟಿಸಿತು.

ಈ ಕಾರ್ಯದಲ್ಲಿ ಮೆಚ್ಚಬೇಕಾದದ್ದು ಬುದ್ಧಿಯ ಚುರುಕು ಮಾತ್ರವಲ್ಲ. ನೌಕೆ ಹೊರಟ ವರ್ಷದಲ್ಲಿ ಹುಟ್ಟಿಯೇ ಇರದವರೂ ಅದನ್ನು ನಡೆಸುವವರಲ್ಲಿದ್ದಾರೆ. ಅದನ್ನು ಕಟ್ಟಿದವರಲ್ಲಿ ಹಲವರು ನಿವೃತ್ತರಾಗಿದ್ದಾರೆ, ಕೆಲವರು ಕಾಲವಾಗಿದ್ದಾರೆ. ಹೊಸಬರಿಗೆ ದಾರಿ ತೋರಿದ್ದು ಹಳಬರು ಬರೆದಿಟ್ಟ ಕಾಗದಗಳು. ಇಂಥ ಸಂಕಟ ಬಂದಾಗಲೆಲ್ಲ ತಂಡದವರು ದಶಕಗಳಷ್ಟು ಹಳೆಯ ದಾಖಲೆಗಳನ್ನು ತೆರೆದು, ಯಾವ ಮನೆಯಲ್ಲಿ ಏನಿದೆ, ಯಾಕೆ ಹಾಗಿದೆ ಎಂದು ಓದಿ ತಿಳಿಯಬೇಕಾಗುತ್ತದೆ. ಅವುಗಳನ್ನು ಬರೆದವರು ಇಂಥ ದಿನವನ್ನು ಊಹಿಸಿರಲಾರರು. ಆದರೂ ತಮ್ಮ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದರು. ತಾವು ಕಾಣದ ಕೈಗಳಿಗಾಗಿ ಹೀಗೆ ದುಡಿಯುವುದು ದೊಡ್ಡ ಗುಣ. 1972ರಿಂದ 2022ರವರೆಗೆ, ಪೂರ್ತಿ ಐವತ್ತು ವರ್ಷ, ಎಡ್ವರ್ಡ್ ಸ್ಟೋನ್ ಎಂಬ ವಿಜ್ಞಾನಿ ಈ ಯೋಜನೆಯ ವೈಜ್ಞಾನಿಕ ಮುಖ್ಯಸ್ಥರಾಗಿದ್ದರು. ಅವರು ತೀರಿಕೊಂಡದ್ದು 2024ರ ಜೂನ್ 9ರಂದು. ಅಷ್ಟು ಹೊತ್ತಿಗೆ ನೌಕೆಗೆ ಮತ್ತೆ ಮಾತು ಬಂದಿತ್ತು.

ಯಂತ್ರದ ನೆನಪಿಗೂ ಮನುಷ್ಯನ ನೆನಪಿಗೂ ಒಂದು ಭೇದವುಂಟು. ಯಂತ್ರವು ತನ್ನೊಳಗೆ ಬರೆದದ್ದನ್ನು ಮಾತ್ರ ಬಲ್ಲದು; ಅದು ಕೆಟ್ಟಿದ್ದರೆ ಕೆಟ್ಟಿದೆ ಎಂದು ತಾನೇ ಅರಿಯಲಾರದು. ಅದನ್ನು ಅರಿಯಲು ಹಿಂದೆ ಅದು ಹೇಗಿತ್ತು ಎಂಬುದನ್ನು ಬಲ್ಲವರು ಹೊರಗೆ ಬೇಕು. ವಾಯೇಜರಿನ ನೆನಪು ಉಳಿದದ್ದು ಭೂಮಿಯ ಮೇಲೆ ಅದರ ಹಳೆಯ ಪ್ರತಿಯನ್ನು ಜೋಪಾನಮಾಡಿದವರಿಂದ, ಅದರ ಅರ್ಥವನ್ನು ಬರೆದಿಟ್ಟವರಿಂದ, ಬರೆದದ್ದನ್ನು ಶ್ರದ್ಧೆಯಿಂದ ಓದಿದವರಿಂದ. ಸಾಮರ್ಥ್ಯ ಎಷ್ಟಿದ್ದರೂ ಮೊದಲು ನೋಡಬೇಕು, ನೋಡಿದ್ದನ್ನು ಹೋಲಿಸಬೇಕು, ಬೇಕಾದಷ್ಟನ್ನೇ ಮುಟ್ಟಬೇಕು, ಮುಟ್ಟಿದ ಮೇಲೆ ಉತ್ತರಕ್ಕಾಗಿ ಕಾಯಬೇಕು. ತಾಳಿದವನು ಬಾಳಿಯಾನು ಎಂಬ ಗಾದೆ ನೇಗಿಲು ಹಿಡಿದವನಿಗೆ ಎಷ್ಟು ಸಲ್ಲುತ್ತದೆಯೋ, ಸೂರ್ಯನ ಗಾಳಿ ಮುಟ್ಟದ ದೂರದಲ್ಲಿರುವ ಯಂತ್ರವನ್ನು ತಿದ್ದುವವನಿಗೂ ಅಷ್ಟೇ ಸಲ್ಲುತ್ತದೆ.